ನಿಂತ ಕಾರಿನಲ್ಲಿ ಗಡಗಡ ಸದ್ದು: ಎಂಜಿನ್ ಬಿಚ್ಚಿಸುವ ಮೊದಲು ತಗಡನ್ನು ತಟ್ಟಿ ನೋಡಿ

ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕಾರಿನ ಅಡಿಯಿಂದ ತಗಡು ಬಡಿದಂಥ ಸದ್ದು, ಎಸಿ ಹಾಕಿದರೆ ಇನ್ನೂ ಜೋರು, ಆಕ್ಸಿಲರೇಟರ್ ತುಸು ಒತ್ತಿದರೆ ಮಾಯ ಎಂದು ಬರೆದಿದ್ದೀರಿ. ಟೈಮಿಂಗ್ ಚೈನ್ (ಎಂಜಿನ್ ಒಳಗಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಸರಪಳಿ) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ, ಒಪ್ಪಿಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಒಪ್ಪಬೇಡಿ. ಎರಡು ವರ್ಷದ ಹಿಂದೆ ನನ್ನ ಹಳೆಯ ಪೆಟ್ರೋಲ್ ಕಾರಿಗೂ ಇದೇ ಸದ್ದು ಬಂದಿತ್ತು. ಹದಿನೆಂಟು ಸಾವಿರ ರೂಪಾಯಿಯ ಅಂದಾಜು ಪಟ್ಟಿಯೂ ಕೈಗೆ ಬಂದಿತ್ತು. ಕೊನೆಗೆ ಸದ್ದು ನಿಂತದ್ದು ಎರಡು ಹೋಸ್ ಕ್ಲಿಪ್‌ಗಳಿಂದ, ಅಂದರೆ ಕೊಳವೆಯ ಸುತ್ತ ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿಗಳಿಂದ.

ನೀವು ಬರೆದ ಲಕ್ಷಣದಲ್ಲೇ ಅರ್ಧ ಉತ್ತರವಿದೆ. ನಾಲ್ಕು ಸಿಲಿಂಡರ್‌ಗಳ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ತಿರುಗಿಸುವ ಮುಖ್ಯ ದಂಡ) ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರ್‌ಗಳಲ್ಲಿ ಇಂಧನ ಉರಿಯುತ್ತದೆ. ಕಾರು ನಿಂತಿರುವಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಆಗ ಸೆಕೆಂಡಿಗೆ 26–27 ಸಣ್ಣ ಗುದ್ದುಗಳು ಬಾಡಿಗೂ ಸೈಲೆನ್ಸರ್ ಕೊಳವೆಗೂ ತಲುಪುತ್ತವೆ. ಎಲ್ಲೋ ಸಡಿಲಾದ ತೆಳು ತಗಡಿಗೆ ಈ ತಾಳ ಸರಿಹೊಂದಿದರೆ ಅದು ಕುಣಿಯತೊಡಗುತ್ತದೆ. ವೇಗವನ್ನು 1500 ಸುತ್ತಿಗೆ ಏರಿಸಿ ನೋಡಿ, ತಾಳ ತಪ್ಪಿ ಸುಮ್ಮನಾಗುತ್ತದೆ. ಎಸಿ ಹಾಕಿದಾಗ ಕಂಪ್ರೆಸರ್‌ನ ಹೊರೆ ಎಂಜಿನ್ ಮೇಲೆ ಬಿದ್ದು ನಡುಕ ಹೆಚ್ಚುತ್ತದೆ, ಅದರೊಂದಿಗೆ ಸದ್ದೂ ಹೆಚ್ಚುತ್ತದೆ. ಟೈಮಿಂಗ್ ಚೈನ್‌ನ ಸದ್ದು ಬೇರೆಯೇ. ಅದು ಎಂಜಿನ್‌ನ ಪಕ್ಕದ ಮುಚ್ಚಳದಿಂದ ಬರುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ, ಆಯಿಲ್ ಒತ್ತಡ ಏರುವ ಮುಂಚಿನ ಕೆಲವು ಕ್ಷಣಗಳಲ್ಲಿ ಹೆಚ್ಚು ಕೇಳಿಸುತ್ತದೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟವನ್ನು ಹೇಗೂ ನೋಡಿಬಿಡಿ.

ಕೂತಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಪೂರ್ತಿ ಒತ್ತಿ. ಒತ್ತಿದೊಡನೆ ಸದ್ದು ನಿಂತರೆ ಗೇರ್‌ಬಾಕ್ಸ್ ಕಡೆ, ಒತ್ತಿದಾಗಲೇ ಶುರುವಾದರೆ ಕ್ಲಚ್‌ನ ರಿಲೀಸ್ ಬೇರಿಂಗ್ ಕಡೆ ಅನುಮಾನಿಸಬೇಕು. ಏನೂ ಬದಲಾಗದಿದ್ದರೆ ಕಾರಿನ ಅಡಿಗೆ ಗಮನ ಹರಿಸಿ.

ನಾನು ಉಡುಪಿಯವನು. ಇಲ್ಲಿಯ ಮಳೆ ಮತ್ತು ಉಪ್ಪುಗಾಳಿಗೆ ಕಾರಿನ ಅಡಿಭಾಗ ಬೇಗ ತುಕ್ಕು ಹಿಡಿಯುತ್ತದೆ, ಹಂಪ್‌ಗಳು ಉಜ್ಜುವುದು ಬೇರೆ. ಒಂದು ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಚಾಪೆ ಹಾಸಿ ಪಕ್ಕಕ್ಕೆ ಮಲಗಿ ಟಾರ್ಚ್ ಬಿಟ್ಟೆ. ಸೈಲೆನ್ಸರ್ ಕೊಳವೆಯ ಮೇಲೆ, ಬಿಸಿ ತಡೆಯಲೆಂದು ಹೊದಿಸಿದ ತೆಳು ತಗಡು ಇರುತ್ತದೆ. ಅದೇ ಹೀಟ್ ಶೀಲ್ಡ್. ಅದರ ಒಂದು ಬೋಲ್ಟಿನ ಸುತ್ತ ಕೆಂಗಂದು ತುಕ್ಕಿನ ಬಳೆ ಕಟ್ಟಿತ್ತು. ತೂತು ಸವೆದು ಬೋಲ್ಟಿನ ತಲೆಗಿಂತ ದೊಡ್ಡದಾಗಿತ್ತು. ಬೋಲ್ಟು ಇದ್ದಲ್ಲೇ ಇತ್ತು, ತಗಡು ಮಾತ್ರ ಅದರ ಹಿಡಿತ ತಪ್ಪಿಸಿಕೊಂಡು ಜೋತಿತ್ತು. ಬೆರಳಿನಿಂದ ಮೀಟಿದೆ. ತಿಂಗಳಿಡೀ ನನ್ನ ನಿದ್ದೆ ಕೆಡಿಸಿದ್ದ ಅದೇ ಸದ್ದು, ಅದೇ ಶ್ರುತಿ! ಖಚಿತಪಡಿಸಿಕೊಳ್ಳಲು ಕಾರು ಸ್ಟಾರ್ಟ್ ಮಾಡಿಸಿ, ಹೊರಗೆ ಕುಳಿತೇ ಉದ್ದದ ಕೋಲಿನಿಂದ ಆ ತಗಡನ್ನು ಒತ್ತಿ ಹಿಡಿದೆ. ನಿಂತಿತು. ಕೋಲು ತೆಗೆದೆ, ಮತ್ತೆ ಗಡಗಡ. ನಿಮಗೂ ನಾನು ಹೇಳುವುದು ಈ ಕೋಲಿನ ಪರೀಕ್ಷೆಯನ್ನೇ. ಬಯಲಿನಲ್ಲೇ ಮಾಡಿ; ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಚಾಲೂ ಇಟ್ಟರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿ.

ರಿಪೇರಿ ಸುಲಭ. ತಗಡು ಕೊಳವೆಯನ್ನು ಸುತ್ತಿಕೊಂಡಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಟೇನ್‌ಲೆಸ್ ಸ್ಟೀಲ್ ಹೋಸ್ ಕ್ಲಿಪ್ ಸಾಕು. ಒಂದರ ಸುತ್ತಳತೆ ಸಾಲದಿದ್ದರೆ ಎರಡನ್ನು ಬಿಚ್ಚಿ ತುದಿಗೆ ತುದಿ ಸೇರಿಸಿ. ನನ್ನದರಲ್ಲಿ ಮಾಡಿದ್ದು ಹೀಗೆಯೇ. ತಗಡು ಬಾಡಿಗೆ ಬೋಲ್ಟ್ ಆಗಿದ್ದರೆ, ಸವೆದ ತೂತನ್ನು ಮುಚ್ಚುವಷ್ಟು ಅಗಲದ ವಾಷರ್ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್ ಟ್ಯಾಗ್ ಕಟ್ಟಬೇಡಿ, ಕರಗಿಹೋಗುತ್ತದೆ. ತಗಡು ನಜ್ಜಾಗುವಷ್ಟು ಬಿಗಿಯುವುದೂ ಬೇಡ; ಅದಕ್ಕೂ ಕೊಳವೆಗೂ ನಡುವಿನ ಗಾಳಿಯೇ ಶಾಖ ತಡೆಯುವುದು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೊಳವೆಯಲ್ಲೇ ಇರುತ್ತದೆ, ಅದರ ವೈರ್ ಕ್ಲಿಪ್‌ಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಕೆಲವರು "ಕಿತ್ತೆಸೆಯಿರಿ ಸಾರ್, ಅದರಿಂದೇನೂ ಪ್ರಯೋಜನವಿಲ್ಲ" ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯ ವಿಷ ತಗ್ಗಿಸುವ ಡಬ್ಬಿಯಾದ ಕ್ಯಾಟಲಿಟಿಕ್ ಕನ್ವರ್ಟರ್‌ನ ಬಿಸಿ ನೂರಾರು ಡಿಗ್ರಿ ಇರುತ್ತದೆ. ಆ ತಗಡು ಅದನ್ನು ವೈರ್‌ಗಳಿಂದ, ಕಾರಿನ ತಳದಿಂದ, ನೀವು ಕಾರು ನಿಲ್ಲಿಸಿದ ಜಾಗದ ಒಣಹುಲ್ಲಿನಿಂದ ದೂರ ಇಡುತ್ತದೆ.

ಕೋಲು ಒತ್ತಿದರೂ ಸದ್ದು ನಿಲ್ಲದಿದ್ದರೆ ಆಮೇಲೆ ಉಳಿಯುವುದು ಹೆಚ್ಚಾಗಿ ಎರಡು ಅನುಮಾನ. ತಣ್ಣಗಿರುವಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಕೇಳಿಸಿದರೆ ಒಳಗಿನ ಸೆರಾಮಿಕ್ ಜೇನುಗೂಡು ಒಡೆದಿದೆ. ಅದಕ್ಕೆ ಕ್ಲಿಪ್ ಸಾಲದು, ಬದಲಾಯಿಸಲೇಬೇಕು. ಹೊಸದು ಹಾಕಿಸುವ ಮೊದಲು ಎಂಜಿನ್ ಮಿಸ್‌ಫೈರ್ ಆಗುತ್ತಿದೆಯೇ (ಯಾವುದಾದರೂ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದೆ ಉಳಿಯುತ್ತಿದೆಯೇ) ಎಂದು ನೋಡಿಸಿ. ಉರಿಯದ ಪೆಟ್ರೋಲ್ ಕನ್ವರ್ಟರ್ ಸೇರಿ ಅಲ್ಲಿ ಹೊತ್ತಿಕೊಂಡರೆ ಹೊಸದೂ ಹಾಳಾಗುತ್ತದೆ. ಇನ್ನೊಂದು ಅನುಮಾನ ಎಂಜಿನ್ ಮೌಂಟಿಂಗ್ ಮೇಲೆ, ಅಂದರೆ ಎಂಜಿನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಧಾರದ ಮೇಲೆ: ಬಾನೆಟ್ ತೆರೆದು, ಬೇರೊಬ್ಬರಿಂದ ಎಂಜಿನ್ ಸ್ಟಾರ್ಟ್, ಆಫ್ ಮಾಡಿಸಿ, ದೂರದಿಂದಲೇ ಗಮನಿಸಿ. ಎಂಜಿನ್ ಜೋರಾಗಿ ಜಿಗಿದು ಕುಕ್ಕರಿಸಿದರೆ ರಬ್ಬರ್ ಹರಿದಿರಬಹುದು.

ಕ್ಲಚ್ ಒತ್ತಿದಾಗ ಏನಾಯಿತು, ಕೋಲು ಒತ್ತಿದಾಗ ಏನಾಯಿತು, ಎರಡನ್ನೂ ಬರೆಯಿರಿ. ಅಲ್ಲಿಯವರೆಗೆ ಎಂಜಿನ್‌ಗೆ ಸ್ಪಾನರ್ ತಾಗುವುದು ಬೇಡ.