ಎರಡೂವರೆ ಕಿಲೋದ ಭಯ

ಗಾಯ ಮಾಗಿದೆ, ಬಲ ಮರಳಿದೆ, ಆದರೂ ಗುರಿಯ ತೂಕ ಮೇಲೇಳುತ್ತಿಲ್ಲ ಎಂದು ಭಾರ ಎತ್ತುವವರು ಯಾರಾದರೂ ಮನಶ್ಶಾಸ್ತ್ರಜ್ಞೆಯಾದ ನನ್ನ ಬಳಿ ಆಗಾಗ ಬರುತ್ತಾರೆ. ಅವರಿಗೆಲ್ಲ ಅದಾಗಲೇ ಸಿಕ್ಕಿರುವ ಸಲಹೆ ಒಂದೇ: "ಧೈರ್ಯ ಮಾಡು." ಅದು ಸಾಲದು ಎನ್ನಲು ಈ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತು ದಾಟಿದ ಮಹಿಳೆ. ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮದಲ್ಲಿ, 140 ಕಿಲೋ ಎತ್ತುವಾಗ ಸೊಂಟದ ಡಿಸ್ಕ್ ಜಾರಿ ಎಡಗಾಲಿಗೆ ನೋವು ಇಳಿದಿತ್ತು. ಹತ್ತು ತಿಂಗಳ ನಂತರ ವೈದ್ಯರೂ ಫಿಸಿಯೋಥೆರಪಿಸ್ಟೂ ಪೂರ್ಣ ಭಾರಕ್ಕೆ ಒಪ್ಪಿದ್ದರು. ಗುರಿ 150.

ಮೂರನೇ ಭೇಟಿಗೆ ತರಬೇತಿಯ ನೋಟ್‌ಬುಕ್ ತಂದರು. 137.5 ಕಿಲೋ, ಮೂರು ರೆಪ್ (ಬಿಡದೆ ಮೂರು ಸಲ ಎತ್ತಿದ್ದು), ಪಕ್ಕದಲ್ಲಿ "ಇನ್ನೊಂದು ಆಗ್ತಿತ್ತು". ಅದರ ಕೆಳಗೆ 140: ಸೊನ್ನೆ. ಮುಂದಿನ ವಾರ ಸೊನ್ನೆ. ಅದರ ಮುಂದಿನ ವಾರವೂ. 137.5ನ್ನು ನಾಲ್ಕು ಸಲ ಎತ್ತಬಲ್ಲವರಿಗೆ 140 ಒಂದು ಸಲ ಆಗದಿರಲು ಸ್ನಾಯುವಿನಲ್ಲಿ ಕಾರಣವಿಲ್ಲ. ಕಾರಣ ಕಣ್ಣೆದುರಿಗಿತ್ತು: 20 ಕಿಲೋದ ಬಾರ್‌ಗೆ ಒಂದೊಂದು ಕಡೆ 20ರ ಮೂರು ಪ್ಲೇಟ್ ಏರಿಸಿದರೆ 140. ಗಾಯವಾದ ದಿನ ಕಂಡ ನೋಟವೂ ಅದೇ.

"ಬಾರ್ ಹಿಡಿದಾಗ ಮನಸ್ಸಲ್ಲಿ ಏನಿರುತ್ತೆ?" ಎಂದೆ.

"137ರಲ್ಲಿ ಬಾರ್ ಎತ್ತುತೀನಿ ಮೇಡಂ. 140ರಲ್ಲಿ ಬೆನ್ನು ಕಾಯ್ತಾ ಕೂತಿರ್ತೀನಿ."

ಹೇಗೆ ಕಾಯುತ್ತೀರಿ, ಮಾಡಿ ತೋರಿಸಿ ಎಂದಾಗ ಎದ್ದು ತೋರಿಸಿದರು. ಎರಡೂ ಹೆಬ್ಬೆರಳಿನಿಂದ ಸೊಂಟ ಒತ್ತಿ ನೋಡುವುದು, ಐದಾರು ಸಲ ಬಗ್ಗಿ ನೋಡುವುದು, ಆಮೇಲೆ ಬಾರ್ ಹಿಡಿದು ಅರ್ಧ ನಿಮಿಷ ಹಾಗೇ ಇರುವುದು. ಅಷ್ಟರಲ್ಲಿ ತುಂಬಿಕೊಂಡ ಉಸಿರು ಸೋರಿ ಹೊಟ್ಟೆಯ ಬಿಗಿ ಸಡಿಲುತ್ತದೆ, ಕೈಹಿಡಿತ ಸೋಲುತ್ತದೆ. ಎಳೆದಾಗ ಪೃಷ್ಠ ಮೊದಲು ಮೇಲೆದ್ದು ಭಾರವೆಲ್ಲ ಬೆನ್ನಿಗೆ ಬೀಳುತ್ತದೆ. ಅಲ್ಲೊಂದು ಚಳುಕು. "ನಾನು ಹೇಳಿರಲಿಲ್ವಾ" ಎನ್ನುತ್ತದೆ ಭಯ.

ಪ್ಲೇಟ್‌ಗಳಿಗೆ ಬಟ್ಟೆ ಮುಚ್ಚಿ, ತೂಕ ಹೇಳದೆ ಎತ್ತಿಸೋಣ ಎಂದು ಕೋಚ್ ಸೂಚಿಸಿದ್ದರು. ಬೇಡ ಎಂದೆ. ಹಾಗೆ ಒಂದು ಸಲ ಎತ್ತಿಯೂ ಬಿಡಬಹುದು. ಆದರೆ ಬಟ್ಟೆ ತೆಗೆದ ದಿನ ಭಯ ಇದ್ದಲ್ಲೇ ಇರುತ್ತದೆ, ಕೋಚ್ ಮೇಲಿನ ನಂಬಿಕೆ ಮಾತ್ರ ಹೋಗಿರುತ್ತದೆ. ಹೆದರಿಸುವ ನೋಟವನ್ನೇ ಸುಲಭದ ಸ್ಥಿತಿಯಲ್ಲಿ ಮತ್ತೆ ಮತ್ತೆ ಎದುರಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದಲ್ಲ ಎಂದರು. ಹಿಡಿಯಲಿ.

ಕೋಚ್ ಮತ್ತು ಫಿಸಿಯೋ ಜೊತೆ ಕೂತು ಹೀಗೆ ಗೊತ್ತುಮಾಡಿದೆವು. ಅದೇ ಮೂರು ಮೂರು ಪ್ಲೇಟ್, ಆದರೆ ಬಾರ್ ಮೊಣಕಾಲಿನ ತುಸು ಕೆಳಗೆ ಬರುವಂತೆ 15 ಸೆಂಟಿಮೀಟರ್ ಬ್ಲಾಕ್ ಮೇಲೆ. ವಾರಕ್ಕೊಮ್ಮೆ ಒಂದೊಂದೇ ರೆಪ್‌ನ ನಾಲ್ಕು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಎರಡು ವಾರಕ್ಕೊಮ್ಮೆ ಬ್ಲಾಕ್ 5 ಸೆಂಟಿಮೀಟರ್ ತಗ್ಗಬೇಕು. ಒತ್ತಿ ನೋಡುವುದು, ಬಗ್ಗಿ ನೋಡುವುದು ಬಂದ್. ಬಾರ್ ಹಿಡಿದ ಮೇಲೆ ಉಸಿರು, ಬಿಗಿ, ಎಳೆತ ಎಲ್ಲ ಐದು ಸೆಕೆಂಡಿನಲ್ಲಿ. ಮೀರಿದರೆ ಬಿಟ್ಟು ಎದ್ದು ನಿಂತು ಮೊದಲಿಂದ. ಎತ್ತುವ ಮುಂಚೆ ಭಯ ಹತ್ತಕ್ಕೆ ಎಷ್ಟು, ಎತ್ತಿದ ಮೇಲೆ ನೋವು ಹತ್ತಕ್ಕೆ ಎಷ್ಟು, ಎರಡೂ ನೋಟ್‌ಬುಕ್ಕಿಗೆ. ಮೊದಲ ದಿನದ ಸಾಲು: ಭಯ 8, ನೋವು 1. ಇಂಥ ಹತ್ತು ಸಾಲು ಮಾಡುವ ಕೆಲಸ ನನ್ನ ಮಾತಿನಿಂದ ಆಗದು.

ನೋವು 3ರೊಳಗಿದ್ದು, 24 ಗಂಟೆಯಲ್ಲಿ ಎಂದಿನ ಮಟ್ಟಕ್ಕೆ ಇಳಿದರೆ ಮುಂದಕ್ಕೆ. ಇಲ್ಲದಿದ್ದರೆ ಬ್ಲಾಕ್ ಒಂದು ಹಂತ ಮೇಲಕ್ಕೆ. ಪೂರ್ತಿ ನಿಲ್ಲಿಸಿ ಮಲಗುವುದಲ್ಲ. ಆದರೆ ಕಾಲು ಮರಗಟ್ಟಿದರೆ, ಬಲ ಕುಂದಿದರೆ ಎತ್ತುವುದು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ತೊಡೆಸಂದು, ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಓಡಬೇಕು. ಇದನ್ನೂ ಭಯವೆಂದು ಬಗೆದು ನಮ್ಮಂಥವರ ಬಳಿ ಕೂತಿರಬಾರದು.

ನಡುವೆ ಒಮ್ಮೆ ಒಂದು ಹಂತ ಹಿಂದೆ ಸರಿದದ್ದೂ ಸೇರಿ, ಒಂಬತ್ತನೇ ವಾರ 140 ನೆಲದಿಂದ ಎದ್ದಿತು. 150ಕ್ಕೆ ಇನ್ನೂ ಮೂರು ತಿಂಗಳು ಹಿಡಿಯಿತು. ಎತ್ತಿದ ಮಾರನೇ ದಿನ ಫೋನ್ ಮಾಡಿ, 160ಕ್ಕೆ ಯಾವಾಗ ಹೋಗಬಹುದು ಎಂದು ಕೇಳಿದರು. ಅದು ಕೋಚ್ ಹೇಳಬೇಕಾದ ಮಾತು. ಇವತ್ತು ಬೆಳಿಗ್ಗೆ ಎದ್ದ ಮೇಲೆ ಎಷ್ಟು ಸಲ ಬಗ್ಗಿ ನೋಡಿದಿರಿ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಸಲ" ಎಂದರು.