ಭಾನುವಾರ ತಕ್ಕಡಿ ಹಿಡಿದವರು

ಮೂಡಿಗೆರೆ ಕಡೆ ನಮ್ಮದು ಎಂಟು ಎಕರೆ ಅರೇಬಿಕಾ ಕಾಫಿ ತೋಟ. ನನಗೆ 28 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ನಾವು ಕ್ಯಾಥೊಲಿಕರು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು ನನ್ನದೇ. ಈ ಸಲ ಹಣ್ಣೆಲ್ಲ ಒಟ್ಟಿಗೇ ಬಂದಿದೆ, ಆಳು ಸಿಗುವುದೇ ಕಷ್ಟ. ಅವರಿಗೆ ರಜ ಸಂತೆ ದಿನ, ಅಂದರೆ ಸೋಮವಾರ. ಹಾಗಾಗಿ ಭಾನುವಾರವೂ ಕುಯ್ಲು. 'ಆರರ ಪೂಜೆಗೆ ಹೋಗು, ಏಳೂವರೆಗೆ ತೋಟದಲ್ಲಿರು, ಕ್ಲಾಸು ಬಿಡು' ಎನ್ನುತ್ತಾರೆ ಅಪ್ಪ. ವಿಶ್ರಾಂತಿ ದಿನವನ್ನು ಪವಿತ್ರವಾಗಿಡಿ ಎಂದು ಮಕ್ಕಳಿಗೆ ಹೇಳಿಕೊಡುವವನೇ ನಾನು! ಅದನ್ನು ಹೇಳಿದರೆ, 'ತಂದೆತಾಯಿಯನ್ನು ಗೌರವಿಸು ಅಂತಲೂ ಅದೇ ಹತ್ತು ಕಟ್ಟಳೆಗಳಲ್ಲಿ ಇದೆ' ಎಂದರು. ಕಳೆದ ಭಾನುವಾರ ಜಗಳವಾಡಿ ನಾನು ತೋಟದ ಕಡೆ ಹೋಗಲೇ ಇಲ್ಲ. ಸಂಜೆ ಹಣ್ಣು ತೂಗಿ ಬುಕ್ಕು ಬರೆಯಲು ಅಮ್ಮ ಹೋದರು. ಅಪ್ಪ ಮಾತು ಬಿಟ್ಟಿದ್ದಾರೆ. ದೇವರ ಮಾತು ಕೇಳಲೋ, ಅಪ್ಪನ ಮಾತು ಕೇಳಲೋ?

– ಹೆಸರು ಬೇಡ, ಚಿಕ್ಕಮಗಳೂರು ಜಿಲ್ಲೆ

ನೀವು ಕೇಳಿದ್ದು ದೇವರ ಮತ್ತು ಅಪ್ಪನ ವಿಷಯ. ನನ್ನ ಕಣ್ಣು ನಿಂತಿದ್ದು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬಂದುಹೋದ ಅಮ್ಮನ ಮೇಲೆ. ಡಿಸೆಂಬರ್ ಚಳಿಯಲ್ಲಿ ಎದ್ದು ಮನೆ ಕೆಲಸವೆಲ್ಲ ಮುಗಿಸಿದವರು ಸಂಜೆ ನಿಮ್ಮ ಜಾಗದಲ್ಲಿ ತಕ್ಕಡಿ ಹಿಡಿದು ನಿಂತಿದ್ದಾರೆ. ವಿಶ್ರಾಂತಿ ದಿನ ಪಾಲಿಸಿದ್ದು ನೀವು, ಅದಕ್ಕೆ ಮೈ ಸವೆಸಿದ್ದು ಅವರು. ಬೇಜಾರಾದರೂ ಪರವಾಗಿಲ್ಲ, ಇದನ್ನು ಹೇಳದೆ ಮುಂದಿನ ಮಾತಾಡಲು ನನಗೆ ಮನಸ್ಸಿಲ್ಲ.

ಬೈಬಲಿನ ಧರ್ಮೋಪದೇಶಕಾಂಡದ 5ನೇ ಅಧ್ಯಾಯ ತೆಗೆದು ವಿಶ್ರಾಂತಿ ದಿನದ ಆ ಕಟ್ಟಳೆಯನ್ನು ಇನ್ನೊಮ್ಮೆ ಓದಿ. ನೀನು ಕೆಲಸ ಮಾಡಬೇಡ ಎಂದಷ್ಟಕ್ಕೆ ಅದು ನಿಲ್ಲುವುದಿಲ್ಲ. ಮಗ, ಮಗಳು, ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ, ಎಲ್ಲರೂ ನಿನ್ನಂತೆಯೇ ದಣಿವಾರಿಸಿಕೊಳ್ಳಲಿ ಎನ್ನುತ್ತದೆ. ಈಜಿಪ್ಟಿನಲ್ಲಿ ನೀನೂ ಆಳಾಗಿದ್ದವನು, ನೆನಪಿರಲಿ ಎಂದು ಕಾರಣವನ್ನೂ ಕೊಡುತ್ತದೆ. ಅಂದರೆ ಈ ಕಟ್ಟಳೆ ಇರುವುದೇ ಯಜಮಾನನಿಗೆ. ತನ್ನ ಕೈಕೆಳಗಿನವರನ್ನು ವಾರಕ್ಕೊಂದು ದಿನ ಬಿಡಬೇಕಾದವನು ಅವನು. (ಆ ಪಟ್ಟಿಯಲ್ಲಿ ಹೆಂಡತಿ ಇಲ್ಲ, ಗಮನಿಸಿದ್ದೀರಾ? 'ನೀನು' ಎಂದಾಗಲೇ ಅವಳೂ ಸೇರಿದಳು ಎಂಬುದು ವ್ಯಾಖ್ಯಾನಕಾರರ ವಿವರಣೆ. ಇರಬಹುದು. ನಮ್ಮ ಕಡೆಯ ಅಡುಗೆಮನೆಗಳನ್ನು ನೋಡಿದರೆ ಮಾತ್ರ ಅವಳ ಹೆಸರು ಬರೆಯಲು ಮರೆತಂತೆಯೇ ಕಾಣುತ್ತದೆ.)

ನಿಮಗೆ ಸಹಾಯವಾಗುವ ವಚನವೂ ಉಂಟು. ಯಾಜಕಕಾಂಡ 19:3ರಲ್ಲಿ ನಿಮ್ಮ ಎರಡು ಕಟ್ಟಳೆಗಳೂ ಒಟ್ಟಿಗೇ ಬರುತ್ತವೆ: ತಾಯಿತಂದೆಗೆ ಭಯಭಕ್ತಿ ತೋರಿಸಿರಿ, ನನ್ನ ಸಬ್ಬತ್ (ವಿಶ್ರಾಂತಿ) ದಿನಗಳನ್ನು ಆಚರಿಸಿರಿ. ಅಲ್ಲಿ ತಾಯಿಯೇ ಮೊದಲು. ಇವೆರಡನ್ನೂ ಅಕ್ಕಪಕ್ಕ ಯಾಕೆ ಇಟ್ಟರು ಎಂದು ಯೆಹೂದ್ಯ ರಬ್ಬಿಗಳು ತಲೆ ಕೆಡಿಸಿಕೊಂಡು, ಸಬ್ಬತ್ ಮುರಿ ಎಂದು ತಂದೆಯೇ ಹೇಳಿದರೂ ಕೇಳಬೇಡ ಎಂದು ಅರ್ಥ ಮಾಡಿದರು. ತಂದೆಯೂ ಆ ದೇವರಿಗೆ ತಲೆಬಾಗಬೇಕಾದವನೇ ಅಲ್ಲವೇ?

ಗೆದ್ದೆ ಅಂದುಕೊಂಡಿರಾ? ಮಾರ್ಕನ ಸುವಾರ್ತೆಯ 7ನೇ ಅಧ್ಯಾಯವೂ ಇದೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು 'ಇದು ಕೊರ್ಬಾನ್, ದೇವರಿಗೆ ಮುಡಿಪು' ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಅಲ್ಲಿ ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಕ್ಲಾಸು ಮುಗಿದಿದ್ದು ಬೆಳಿಗ್ಗೆ, ಹಣ್ಣು ತೂಗಿದ್ದು ಸಂಜೆ. ನಡುವಿನ ಹೊತ್ತು ನೀವು ದೇವರಿಗೆ ಕೊಟ್ಟಿರೋ, ಅಪ್ಪನ ಮೇಲಿನ ಸಿಟ್ಟಿಗೆ ಕೊಟ್ಟಿರೋ, ನಿಮಗೇ ಗೊತ್ತು.

ಅಪ್ಪನ ಪರವಾಗಿಯೂ ಹೇಳುವುದಿದೆ. ಸಬ್ಬತ್ ಎಂದರೆ ಶನಿವಾರ. ನಾವು ಆಚರಿಸುವುದು ಪುನರುತ್ಥಾನದ ದಿನವಾದ ಭಾನುವಾರವನ್ನು. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ರಜೆಯನ್ನು ಕಾನೂನು ಮಾಡಿದಾಗ ನ್ಯಾಯಾಧೀಶರು, ಪೇಟೆಯ ಜನ ಬಿಡುವು ತೆಗೆದುಕೊಳ್ಳಲಿ, ಬೇಸಾಯದವರು ಬೇಕಾದರೆ ಕೆಲಸ ಮಾಡಲಿ ಎಂದಿದ್ದ. ಬಿತ್ತನೆಗೆ ಹದ ಬಂದ ದಿನ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂಬುದು ಅವನ ಲೆಕ್ಕ. ಅಪ್ಪನಿಗೆ ಇದನ್ನು ಹೇಳಿದರೆ ಖುಷಿಪಟ್ಟಾರು. ಇಂದಿನ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದಲ್ಲೂ ಸಂಸಾರದ ಅಗತ್ಯಕ್ಕಾಗಿ ಭಾನುವಾರದ ವಿಶ್ರಾಂತಿಗೆ ವಿನಾಯಿತಿ ಇದೆ. ಅದು ಚಾಳಿಯಾಗಬಾರದು ಎಂದು ಪಕ್ಕದಲ್ಲೇ ಎಚ್ಚರಿಕೆಯೂ ಇದೆ. ಆದರೆ ವಿಮೋಚನಕಾಂಡ 34:21 ಉಳುಮೆಯ ಕಾಲದಲ್ಲೂ ಸುಗ್ಗಿಯ ಕಾಲದಲ್ಲೂ ಏಳನೇ ದಿನ ಬಿಡುವು ಬೇಕೇ ಬೇಕು ಎನ್ನುತ್ತದೆ. ಇದನ್ನು ಕೇಳಿದರೆ ಅಪ್ಪನ ಮುಖ ಸ್ವಲ್ಪ ಸಣ್ಣಗಾಗಬಹುದು.

ಹಾಗಾಗಿ ವಚನದ ಎದುರು ವಚನ ಇಟ್ಟು ಆಡುವುದು ಸಾಕು. ತೋಟದ ಕೆಲಸವನ್ನೇ ಬಿಡಿಸಿ ನೋಡೋಣ. ಎತ್ತು ಬಾವಿಗೆ ಬಿದ್ದರೆ ಸಬ್ಬತ್ ದಿನವಾದರೂ ಎತ್ತುವುದಿಲ್ಲವೇ ಎಂದು ಯೇಸು ಕೇಳಿದ್ದರಲ್ಲ. ನಿಮ್ಮ ತೋಟದಲ್ಲಿ ಬಾವಿಗೆ ಬಿದ್ದ ಎತ್ತು ಯಾವುದು? ಕುಯ್ದ ಹಣ್ಣನ್ನು ಅವತ್ತೇ ಸಿಪ್ಪೆ ಸುಲಿಯುವ ಯಂತ್ರಕ್ಕೆ (ಪಲ್ಪರ್) ಹಾಕದಿದ್ದರೆ ಹುಳಿಬಂದು ಕೆಡುತ್ತದೆ. ಅದು ಎತ್ತು. ಕಣದಲ್ಲಿ ಒಣಗಲು ಹರಡಿದ, ಸಿಪ್ಪೆ ಸುಲಿದ ಕಾಫಿ ಬೀಜದ (ಪಾರ್ಚ್‌ಮೆಂಟ್) ಮೇಲೆ ಮೋಡ ಕಟ್ಟಿದರೆ ಟಾರ್ಪಾಲು ಎಳೆಯಲೇಬೇಕು. ಅದೂ ಎತ್ತು. ಗಿಡದಲ್ಲಿ ಮಾಗಿ ಉದುರುವ ಹಣ್ಣು? ಇದು ಅಷ್ಟು ಸುಲಭವಲ್ಲ. ನೆಲಕ್ಕೆ ಬಿದ್ದ ಹಣ್ಣಿನಲ್ಲಿ ಕಾಯಿಕೊರಕ ಹುಳ ಸೇರಿಕೊಂಡರೆ ಮುಂದಿನ ವರ್ಷಕ್ಕೂ ಕಾಟ. ಅಪ್ಪನ ಆತುರಕ್ಕೆ ಕಾರಣವಿದೆ. ತೋಟದಲ್ಲಿ ಇನ್ನೂ ಅರೆಹಣ್ಣಾಗಿರುವ ಪಟ್ಟಿಯನ್ನು, ಅಂದರೆ ಆ ಭಾಗವನ್ನು, ಆಳು ಸಿಕ್ಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಭಾನುವಾರ ಕುಯ್ಯಿಸುವುದು ಮಾತ್ರ ಎತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಯಾವ ಪಟ್ಟಿ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಶನಿವಾರ ಸಂಜೆ ಇಬ್ಬರೂ ಒಟ್ಟಿಗೆ ತೋಟ ಸುತ್ತಿ ನೋಡಿ. ಅಪ್ಪನ ಅನುಭವಕ್ಕೆ ಕೊಡಬಹುದಾದ ಗೌರವವೂ ಅದೇ.

ಇನ್ನು ಆಳುಗಳು. ಅವರ ರಜ ಸೋಮವಾರವಾದರೆ ಆಗಲಿ, ನಿಮ್ಮ ಭಾನುವಾರವನ್ನು ಅವರ ಮೇಲೆ ಹೇರಬೇಕಿಲ್ಲ. ಆದರೆ ಆ ಸೋಮವಾರ ಸುಗ್ಗಿಯಲ್ಲೂ ಅವರಿಗೆ ಪೂರ್ತಿ ಸಿಗುತ್ತಿದೆಯೇ? ಸಂತೆಯಿಂದ ಬೇಗ ಬನ್ನಿ, ಎರಡು ಗಂಟೆ ಕೆಲಸ ಇದೆ ಅನ್ನುತ್ತಿಲ್ಲ ತಾನೇ? ರಜೆಯ ದಿನ ಕೆಲಸ ಮಾಡಲು ಕೆಲಸಗಾರರು ತಾವಾಗಿ ಒಪ್ಪಿದರೂ ಹತ್ತು ದಿನಕ್ಕಿಂತ ಹೆಚ್ಚು ಬಿಡುವಿಲ್ಲದೆ ದುಡಿಸುವಂತಿಲ್ಲ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಐದು ಹೆಕ್ಟೇರಿಗಿಂತ ಕಡಿಮೆಯಿರುವ ನಿಮ್ಮಂಥ ತೋಟ ಆ ಕಾಯ್ದೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ ಅನ್ನಿ. ಮೋಶೆಯ ಮೂಲಕ ಬಂದ ವಿಶ್ರಾಂತಿಯ ಕಟ್ಟಳೆಗೆ ಎಕರೆಯ ಮಿತಿ ಇಲ್ಲ.

28 ವರ್ಷದ ಮಗ ಅಪ್ಪನ ಪ್ರತಿ ಮಾತಿಗೂ ಹೂಂ ಅನ್ನಬೇಕೆಂದು ನಿಮ್ಮ ಚರ್ಚೂ ಹೇಳುವುದಿಲ್ಲ. ಬೆಳೆದ ಮಕ್ಕಳಿಗೆ ವಿಧೇಯತೆಯ ಕಟ್ಟು ಸಡಿಲವಾಗುತ್ತದೆ, ಗೌರವ ಮಾತ್ರ ಕೊನೆಯವರೆಗೂ ಇರುತ್ತದೆ. ಹಾಗಾಗಿ ಕ್ಲಾಸು ಬಿಡಬೇಡಿ. ಕ್ಲಾಸು ಮುಗಿಸಿ ನೇರ ತೋಟಕ್ಕೆ ಹೋಗಿ, ಸಂಜೆ ಬುಕ್ಕು ನೀವೇ ಹಿಡಿಯಿರಿ. ಅರೇಬಿಕಾ ಜನವರಿಯಲ್ಲಿ ಮುಗಿಯುತ್ತದೆ, ಇರುವುದು ಬೆರಳೆಣಿಕೆಯ ಭಾನುವಾರಗಳು. ಸುಗ್ಗಿ ಮುಗಿದ ಮೇಲೂ ಅಪ್ಪ ಭಾನುವಾರ ಗೊಬ್ಬರ, ಕಸಿ (ರೆಂಬೆ ಸವರುವುದು) ಎಂದು ಕರೆದರೆ ಆಗ ಆಗುವುದಿಲ್ಲ ಎನ್ನಿ. ಗಟ್ಟಿಯಾಗಿಯೇ ಎನ್ನಿ.

ಮಾತು ಬಿಟ್ಟಿರುವ ಅಪ್ಪನ ಹತ್ತಿರ ಮೊದಲು ನೀವೇ ಹೋಗಬೇಕು. ಊಟಕ್ಕೆ ಕೂತಾಗ ಬೇಡ, ಅಮ್ಮ ನಡುವೆ ಸಿಕ್ಕಿಕೊಳ್ಳುತ್ತಾರೆ. ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡುವಾಗ ಟಾರ್ಪಾಲಿನ ಇನ್ನೊಂದು ತುದಿ ಹಿಡಿಯಿರಿ. ಕ್ಲಾಸಿಗೆ ಹೋಗಿದ್ದಕ್ಕೆ ಕ್ಷಮೆ ಕೇಳಬೇಡಿ, ಸಂಜೆ ಬಾರದೆ ಇದ್ದದ್ದಕ್ಕೆ ಕೇಳಿ. ಎಫೆಸದವರಿಗೆ ಬರೆದ ಪತ್ರದಲ್ಲಿ ತಂದೆಗಳೇ ಮಕ್ಕಳನ್ನು ಕೆಣಕಬೇಡಿರಿ ಎಂಬ ಮಾತಿದೆ, ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ. ಅದು ಫಾದರ್ ಬಾಯಿಂದ ಬಂದರೆ ಚೆನ್ನ, ಮಗನ ಬಾಯಿಂದ ಬಂದರೆ ಎದುರುತ್ತರವಾಗುತ್ತದೆ.

ಆಮೇಲೆ ಅಮ್ಮನನ್ನು ಕೇಳಿ, ನಿಮಗೆ ಯಾವ ದಿನ ರಜ ಬೇಕು ಅಂತ. 'ನಂಗೆಂಥ ರಜ' ಅಂತಾರೆ, ಬಿಡಬೇಡಿ, ಎರಡನೇ ಸಲ ಕೇಳಿ. ಭಾನುವಾರ ಎಂದರೆ ಅವತ್ತಿನ ತಿಂಡಿ ನೀವೂ ಅಪ್ಪನೂ ಸೇರಿ ಮಾಡಿ, ಉಪ್ಪಿಟ್ಟಾದರೂ ಸಾಕು. ಸೋಮವಾರ ಎಂದರೆ ಅಪ್ಪನನ್ನು ಕಣ ಕಾಯಲು ಬಿಟ್ಟು, ಚೀಲ ನೀವೇ ಹಿಡಿದುಕೊಂಡು ಅಮ್ಮನ ಜೊತೆ ಸಂತೆಗೆ ಹೋಗಿ ಬನ್ನಿ.