ದೋಣಿ ಆಮೇಲೆ, ಮೊದಲು ಕೈಪಿಡಿ

ಪತ್ರದ ಸಾರಾಂಶ: “ಹನ್ನೊಂದು ವರ್ಷದಿಂದ ರಜೆಯ ದಿನಗಳಲ್ಲಿ ಪ್ಲೈವುಡ್ ದೋಣಿ ಕಟ್ಟುತ್ತಿದ್ದೇನೆ. ಆರು ಆಗಿವೆ. ನೋಡಿದವರೆಲ್ಲ ಆನ್‌ಲೈನ್‌ನಲ್ಲಿ ಮಾರು ಅನ್ನುತ್ತಾರೆ. ನೌಕರಿ ಬಿಡುವುದಿಲ್ಲ, ಕೈಖರ್ಚಿಗೆ ಆದರೆ ಸಾಕು. ಸಿದ್ಧ ದೋಣಿ ಮಾರಲೇ, ಕಿಟ್ ಮಾರಲೇ, ಬರೀ ನಕ್ಷೆ ಮಾರಲೇ? ನಕ್ಷೆ ಮಾರುವುದು ಕೈಲಾಗದವನ ಕೆಲಸ ಎಂದು ನನ್ನ ಅನಿಸಿಕೆ. ವೆಬ್‌ಸೈಟಿಗೆ ಮೂರು ಹೆಸರು ಯೋಚಿಸಿದ್ದೇನೆ, ಯಾವುದು ಚೆನ್ನ?” (ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಕ್ಷೆ ಮಾರುವುದು ಕೈಲಾಗದವನ ಕೆಲಸ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಹೆಸರಿನ ವಿಚಾರ ಕೊನೆಗಿರಲಿ.

ಸಿದ್ಧ ದೋಣಿ ಮಾರಿ ಬದುಕಿದವರು ಇಲ್ಲವೆಂದಲ್ಲ. ತಾಳ್ಮೆಯಿಂದ ಕಾಯುವ ಗಿರಾಕಿ ಸಿಕ್ಕರೆ ಅದರಂಥ ತೃಪ್ತಿಯ ಕಸುಬು ಅಪರೂಪ. ಆದರೆ ನಿಮ್ಮ ರಜೆಯ ದಿನಗಳ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಕಯಾಕ್ (ಹುಟ್ಟು ಹಾಕಿ ನಡೆಸುವ ಉದ್ದನೆಯ, ಕಿರಿದಾದ ದೋಣಿ) ಕಟ್ಟುವಾಗ ಹೊತ್ತು ಹೋಗುವುದು ಮರಗೆಲಸಕ್ಕಿಂತ ಹೆಚ್ಚಾಗಿ ಉಜ್ಜುವುದರಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಎಪಾಕ್ಸಿ ಎಂಬ, ಎರಡು ದ್ರವ ಕಲಸಿ ಮಾಡುವ ಅಂಟು ಹಚ್ಚಬೇಕು, ಗಟ್ಟಿಯಾಗುವವರೆಗೆ ಕಾಯಬೇಕು, ಉಜ್ಜಬೇಕು, ಮತ್ತೆ ಹಚ್ಚಬೇಕು, ಕೊನೆಗೆ ವಾರ್ನಿಷ್. ನಿಮಗಾಗಿ ಕಟ್ಟಿಕೊಂಡಾಗ ಆ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ಮಾರಲು ಹೊರಟಾಗ ಎಣಿಸಿದರೆ ಗಿರಾಕಿ ಓಡುತ್ತಾನೆ, ಎಣಿಸದಿದ್ದರೆ ನಿಮ್ಮ ಕೈ ಕಚ್ಚುತ್ತದೆ. ಸಾಗಣೆಯದೂ ತಾಪತ್ರಯವೇ. ಐದು ಮೀಟರ್ ಕಯಾಕನ್ನು ಒಬ್ಬನೇ ಹೆಗಲ ಮೇಲೆ ಹೊರಬಹುದು, ಆದರೆ ಲಾರಿಯವನು ಹಣ ಕೇಳುವುದು ತೂಕಕ್ಕಲ್ಲ, ಅದು ಹಿಡಿಯುವ ಜಾಗಕ್ಕೆ. ಜೊತೆಗೆ ಕಾಯಿದೆ. ಐರೋಪ್ಯ ಒಕ್ಕೂಟದ 2013ರ ನಿಯಮದ ಪ್ರಕಾರ, ಸ್ವಂತಕ್ಕೆ ಕಟ್ಟಿಕೊಂಡ ದೋಣಿಗೆ ಸುರಕ್ಷತಾ ಪ್ರಮಾಣೀಕರಣದಿಂದ ವಿನಾಯಿತಿ ಸಿಗಬೇಕಾದರೆ ಬಳಕೆ ಶುರುವಾದ ಐದು ವರ್ಷದೊಳಗೆ ಅದನ್ನು ಮಾರುವಂತಿಲ್ಲ. ಹುಟ್ಟು ಹಾಕಿಯೇ ನಡೆಸುವ ಕನೂ, ಕಯಾಕ್‌ಗಳು ಆ ನಿಯಮದ ಹೊರಗಿವೆ. ಬೇರೆ ಕಡೆ ಬೇರೆ ನಿಯಮ. ನೀವಿರುವಲ್ಲಿ ಏನಿದೆ ಎಂದು ವಿಚಾರಿಸದೆ ಒಂದು ದೋಣಿಯನ್ನೂ ಮಾರಬೇಡಿ.

ಇನ್ನು ನಕ್ಷೆಯ ಮಾತು. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ ಬಂತು. ವಿನ್ಯಾಸದಲ್ಲಿ ಇಬ್ಬರ ಕೈ ಇತ್ತು. ಜ್ಯಾಕ್ ಹೋಲ್ಟ್ ಪಳಗಿದ ದೋಣಿ ವಿನ್ಯಾಸಕಾರ. ಬ್ಯಾರಿ ಬಕ್ನೆಲ್, ಮನೆಯ ಸಣ್ಣಪುಟ್ಟ ಕೆಲಸಗಳನ್ನು ನೀವೇ ಮಾಡಿಕೊಳ್ಳಿ ಎಂದು ಟಿವಿಯಲ್ಲಿ ಹೇಳಿಕೊಡುತ್ತಿದ್ದವನು. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ರಾಳ ಮತ್ತು ಫೈಬರ್‌ಗ್ಲಾಸ್ ಪಟ್ಟಿ ಹಾಕಿ ಕೂಡಿಸುವ ದೋಣಿ ಅದು. ಕಿಟ್ ರೂಪದಲ್ಲಿ ಸಾಮಾನ್ಯ ಮನೆಗಳಿಗೆ ಹೋಯಿತು, ಒಟ್ಟು ಸಂಖ್ಯೆ 70,000 ಮುಟ್ಟಿತು. ಅದರಲ್ಲಿ ಹೋಲ್ಟನ ಪಾಲು ದೊಡ್ಡದು, ಆದರೆ ನನಗೆ ಮುಖ್ಯ ಬಕ್ನೆಲ್. ಗರಗಸ ಹಿಡಿಯದವನಿಗೆ ಹೇಗೆ ಹೇಳಿಕೊಡಬೇಕೆಂದು ಗೊತ್ತಿದ್ದವನು ವಿನ್ಯಾಸದ ಮೇಜಿನ ಪಕ್ಕದಲ್ಲೇ ಕೂತಿದ್ದ.

ಅಮೆರಿಕದ ಮೇಯ್ನ್ ರಾಜ್ಯದ ಹೆರಾಲ್ಡ್ ಪೇಸನ್ ಇನ್ನೊಬ್ಬ. ಸೀಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್ ಹಿಡಿದು ಬದುಕಿದವನು, ಆಮೇಲೆ ದೋಣಿ ಕಟ್ಟಿದ. ದೋಣಿ ವಿನ್ಯಾಸಕಾರ ಫಿಲ್ ಬೋಲ್ಜರ್ ಬರೆದುಕೊಟ್ಟ ಸರಳ ದೋಣಿಗಳನ್ನು ಪೇಸನ್ ತಾನೇ ಕಟ್ಟಿ ನೋಡಿ, ಕಟ್ಟುವ ಬಗೆಯನ್ನು ಆಡುಮಾತಿನಲ್ಲಿ ಬರೆದು, ನಕ್ಷೆಗಳನ್ನು ಅಂಚೆಯಲ್ಲಿ ಮಾರಿದ. ಅವನನ್ನು ಕೈಲಾಗದವ ಅನ್ನುತ್ತೀರಾ?

ನಕ್ಷೆ ಎಂದರೆ ಗೆರೆಗಳಷ್ಟೇ ಎಂದುಕೊಂಡಿದ್ದೀರಿ, ತಪ್ಪಾಗಿರುವುದು ಅಲ್ಲೇ. ಹಿಂದೊಮ್ಮೆ ನಾನು ಒಂದು ಕಡೆಯಿಂದ ನಕ್ಷೆ ತರಿಸಿದ್ದೆ. ಹಾಳೆಗಳು ಅಂದವಾಗಿದ್ದವು. ಅಡ್ಡಹಲಗೆ ನಿಲ್ಲಬೇಕಾದ ಜಾಗಕ್ಕೆ ಒಂದು ಗೆರೆ ಎಳೆದಿದ್ದರು. ಆ ಹಲಗೆಗೆ ಆರು ಮಿಲಿಮೀಟರ್ ದಪ್ಪ ಇದೆಯಲ್ಲ, ಅದು ಗೆರೆಯ ಮುಂದೆ ನಿಲ್ಲಬೇಕೋ, ಹಿಂದೆ ನಿಲ್ಲಬೇಕೋ? ಎಲ್ಲೂ ಬರೆದಿರಲಿಲ್ಲ. ದೋಣಿ ಮೂತಿಯ ಕಡೆಗೆ ಕಿರಿದಾಗುತ್ತ ಹೋಗುವುದರಿಂದ ಆ ಆರು ಮಿಲಿಮೀಟರ್ ಆಚೀಚೆಯಾದರೆ ಪಕ್ಕದ ಹಲಗೆ ಹೊಟ್ಟೆ ಬಿಡುತ್ತದೆ, ಇಲ್ಲವೇ ಸಂದಿ ಬಾಯಿ ಬಿಡುತ್ತದೆ. ಕೇಳಿ ಬರೆದರೆ ಬಂದ ಉತ್ತರ ‘ಅನುಭವದಿಂದ ತಿಳಿಯುತ್ತದೆ’. ಆ ಅನುಭವವನ್ನೇ ಅಲ್ಲವೇ ನಾನು ದುಡ್ಡು ಕೊಟ್ಟು ಕೊಂಡದ್ದು?

ನಿಮ್ಮ ಕೈಪಿಡಿ ಇಂಥ ಜಾಗಗಳಲ್ಲಿ ಗೆಲ್ಲಬೇಕು. ಹೊಲಿಗೆ ಮುಗಿದ ಮೇಲೆ, ಅಂಟು ಹಾಕುವ ಮುಂಚೆ, ದೋಣಿಯ ಎರಡೂ ತುದಿಗೆ ಒಂದೊಂದು ನೇರ ಪಟ್ಟಿಯನ್ನು ಅಡ್ಡ ಇಟ್ಟು, ಹಿಂದೆ ಬಗ್ಗಿ ಕೂತು ನೋಡಿ ಎಂದು ಬರೆಯಬೇಕು. ಎರಡೂ ಪಟ್ಟಿ ಒಂದಕ್ಕೊಂದು ಸಮವಾಗಿ ಕಂಡರೆ ಸರಿ. ಒಂದರ ತುದಿ ಮೇಲೆದ್ದಿದ್ದರೆ ದೋಣಿ ತಿರುಚಿದೆ, ಈಗ ತಂತಿ ಸಡಿಲಿಸಿ ಸರಿಪಡಿಸಬಹುದು, ನಾಳೆ ಆಗದು. ಈ ‘ನಾಳೆ ಆಗದು’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಎಪಾಕ್ಸಿಯನ್ನು ಒಂದೇ ಡಬ್ಬಿಯಲ್ಲಿ ಜಾಸ್ತಿ ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯೆದ್ದು ಕಲ್ಲಾಗುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಿ ಎಂದು ಬರೆಯಿರಿ. ಅದು ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಮತ್ತೆ ಆ ಕೆಲಸದ ಹತ್ತಿರ ಸುಳಿಯುವುದೂ ಕಷ್ಟ. ಕೈಗವಸಿನ ಮಾತು ಅಂಟಿನ ಅಧ್ಯಾಯದ ಮೊದಲ ಸಾಲಿನಲ್ಲೇ ಬರಲಿ.

ಇಷ್ಟು ಬಿಡಿಸಿ ಹೇಳುವ ಅಭ್ಯಾಸವೇ ಈಗ ಹೋಗಿದೆ. ಯಾವ ಯಂತ್ರ ಕೊಂಡರೂ ಪೆಟ್ಟಿಗೆಯಲ್ಲಿ ಮಡಚಿದ ಒಂದು ಚೀಟಿ, ಅದರಲ್ಲಿ ಬಾಣದ ಗುರುತು, ಉಳಿದದ್ದಕ್ಕೆ ವೀಡಿಯೊ ನೋಡಿ ಎಂಬ ಸೂಚನೆ. ವೀಡಿಯೊ ಕೈಯ ಚಲನೆ ತೋರಿಸುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಅಂಟು ಮೆತ್ತಿದ ಕೈಯಲ್ಲಿ ನಿಂತವನು ಹನ್ನೆರಡನೆಯ ನಿಮಿಷಕ್ಕೂ ಹದಿನಾಲ್ಕನೆಯ ನಿಮಿಷಕ್ಕೂ ಓಡಾಡಲಾರ. ಗೋಡೆಗೆ ಅಂಟಿಸಿದ ಹಾಳೆಯತ್ತ ಕಣ್ಣು ಹಾಯಿಸಬಲ್ಲ. ಬರೆದು ಹೇಳಬಲ್ಲವರಿಗೆ ಯಾವ ಕಂಪನಿಯೂ ಗೌರವ ಕೊಡುತ್ತಿಲ್ಲ, ಸಂಬಳವನ್ನಂತೂ ಕೇಳಲೇಬೇಡಿ. ತಯಾರಿಸಿದವರಿಗೆ ಬರೆಯುವುದು ಬೇಡ, ಬರೆಯುವವರು ತಯಾರಿಸಿದ್ದನ್ನು ಮುಟ್ಟಿರುವುದಿಲ್ಲ. ನಡುವೆ ಕೊಂಡವನು ತಾನೇ ದಡ್ಡ ಎಂದು ತಿಳಿದು ಸುಮ್ಮನಾಗುತ್ತಾನೆ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ನಿಮ್ಮ ಪತ್ರದಲ್ಲಿ ವೆಬ್‌ಸೈಟಿನ ಹೆಸರು, ಲೋಗೊ, ಬಣ್ಣಕ್ಕೆ ಒಂದೂವರೆ ಪುಟ ಹೋಗಿದೆ. ಕೊಂಡವನು ಹೇಗೆ ಕಟ್ಟಬೇಕೆಂಬುದಕ್ಕೆ ಒಂದು ಸಾಲೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕಾಗಿತ್ತು. ಆದರೆ ಜೊತೆಗೆ ಕಳಿಸಿದ ಪೆನ್ಸಿಲ್ ಚಿತ್ರದ ಅಂಚಿನಲ್ಲಿ ‘ಇಲ್ಲಿ ಹಲಗೆ ಹಟ ಮಾಡುತ್ತೆ, ಬಿಸಿನೀರಿನ ಬಟ್ಟೆ ಹೊದಿಸಿ ಕಾಯಬೇಕು’ ಎಂದು ಗೀಚಿಕೊಂಡಿದ್ದೀರಿ. ನೀವು ಬರೆಯಬಲ್ಲಿರಿ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ನನಗೆ ಬೇಡ.

ಮೊದಲು ಒಂದೇ ದೋಣಿ ಆರಿಸಿಕೊಳ್ಳಿ, ಆರರಲ್ಲಿ ಅತ್ಯಂತ ಸರಳವಾದದ್ದು. ಗರಗಸ ಹಿಡಿಯದ ಗೆಳೆಯರೊಬ್ಬರಿಗೆ ಕರಡು ಕೈಪಿಡಿ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. ಅವರು ತಡವರಿಸಿದ ಕಡೆಯೆಲ್ಲ ಗುರುತು ಹಾಕಿ ತಿದ್ದಿ. ಆಮೇಲೆ ನಕ್ಷೆ ಮಾರಿ. ಕೊಂಡವರು ಹಲಗೆ ಕತ್ತರಿಸುವುದೇ ಕಷ್ಟ ಎಂದರೆ ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ (ಸಿಎನ್‌ಸಿ) ಇರುವವರಿಂದ ಕತ್ತರಿಸಿಸಿ ಕಿಟ್ ಮಾಡಿ, ಚಪ್ಪಟೆ ಪೆಟ್ಟಿಗೆಯಲ್ಲಿ ಹೋಗುತ್ತದೆ. ಸಿದ್ಧ ದೋಣಿಯನ್ನು ವರ್ಷಕ್ಕೊಂದು, ಮನಸ್ಸು ಬಂದರೆ, ಮಾರಿಕೊಳ್ಳಿ.

ಮೂರು ಹೆಸರುಗಳಲ್ಲಿ ಎರಡನೆಯದು ಚೆನ್ನ, ಉಚ್ಚರಿಸಲು ಸುಲಭ. ಕೈಪಿಡಿಯ ಮೊದಲ ಅಧ್ಯಾಯ ಮುಗಿದ ದಿನ ನಮಗೆ ಕಳಿಸಿ. ಈ ಪುಟಗಳಲ್ಲೇ ಅಚ್ಚು ಹಾಕುತ್ತೇವೆ, ಎಲ್ಲಿ ಅರ್ಥವಾಗಲಿಲ್ಲ ಎಂದು ನಮ್ಮ ಓದುಗರೇ ನಿಮಗೆ ಬರೆಯುತ್ತಾರೆ.